ಮಕ್ಕಳ ಸಂಧಿವಾತ: ಬಗೆಗಳು, ಲಕ್ಷಣಗಳು ಮತ್ತು ಪೋಷಕರು ಗಮನಿಸಬೇಕಾದ ಅಂಶಗಳು

ಸಂಧಿವಾತವು ವಯಸ್ಸಾದವರ ಕಾಯಿಲೆ ಎಂಬ ಭಾವನೆ ಸಾರ್ವಜನಿಕರಲ್ಲಿ ಬಲವಾಗಿ ಬೇರೂರಿದೆ. ಆದುದರಿಂದಲೇ ಮಗುವಿನ ಮಂಡಿ ಊದಿಕೊಂಡಾಗ, ಮಗು ಎಲ್ಲಿ ಬಿದ್ದಿತ್ತು ಎಂದು ಪೋಷಕರು ಮೊದಲು ನೆನಪಿಸಿಕೊಳ್ಳುತ್ತಾರೆ. ಆಟವಾಡುವ ಮಗು ದಿನಕ್ಕೆ ನಾಲ್ಕಾರು ಬಾರಿ ಬೀಳುವುದರಿಂದ ಅಂತಹ ನೆನಪು ದೊರೆಯುವುದು ಕಷ್ಟವೇನಲ್ಲ. ಉಳುಕು ತೆಗೆಸುವುದು, ಎಣ್ಣೆ ಹಚ್ಚಿ ನೀವುವುದು, ಪಟ್ಟು ಹಾಕಿಸುವುದು ಇತ್ಯಾದಿಗಳಲ್ಲಿ ತಿಂಗಳುಗಳೇ ಕಳೆದುಹೋಗುತ್ತವೆ. ಹೀಗೆ ಕಳೆದ ತಿಂಗಳುಗಳಲ್ಲಿ ಕೀಲಿಗೆ ಆಗುವ ಹಾನಿಯನ್ನು ಅನಂತರ ಪೂರ್ಣವಾಗಿ ಸರಿಪಡಿಸಲು ಯಾವಾಗಲೂ ಸಾಧ್ಯವಾಗುವುದಿಲ್ಲ.

ವಿಕಲಚೇತನರ ಗುರುತಿನ ಚೀಟಿ, ಮಾಸಾಶನ, ಪರೀಕ್ಷಾ ರಿಯಾಯಿತಿ ಮುಂತಾದ ಸೌಲಭ್ಯಗಳನ್ನು ಕೋರಿ ಸಲ್ಲಿಸುವ ಅರ್ಜಿಗಳೊಂದಿಗೆ ಲಗತ್ತಿಸಿದ ವೈದ್ಯಕೀಯ ದಾಖಲೆಗಳಲ್ಲಿ 'ಜೆ.ಐ.ಎ.' ಎಂಬ ಅಕ್ಷರಗಳು ಕಂಡುಬರುತ್ತವೆ. ಅವುಗಳ ಅರ್ಥವೇನು, ತಮ್ಮ ಮಗುವಿನದು ಅದರಲ್ಲಿ ಯಾವ ಬಗೆ, ಬಗೆ ಬೇರೆಯಾದರೆ ಏನು ವ್ಯತ್ಯಾಸ ಎಂದು ಪೋಷಕರು ಕೇಳುವುದುಂಟು. ಆ ಪ್ರಶ್ನೆಗಳಿಗೆ ಸಾಧ್ಯವಾದಷ್ಟು ಸರಳವಾಗಿ ಉತ್ತರಿಸುವುದು ಈ ಪುಟದ ಉದ್ದೇಶ. ಇದನ್ನು ಸಿದ್ಧಪಡಿಸಿದವರು ಕಚೇರಿಯ ಶಾಖಾಧಿಕಾರಿಯೇ ಹೊರತು ವೈದ್ಯರಲ್ಲ. ಆದುದರಿಂದ ರೋಗನಿರ್ಣಯ ಹಾಗೂ ಔಷಧದ ವಿಷಯದಲ್ಲಿ ವೈದ್ಯರ ಮಾತೇ ಅಂತಿಮವೆಂದು ಭಾವಿಸತಕ್ಕದ್ದು.

ರೋಗದ ಪರಿಚಯ

ಜೆ.ಐ.ಎ. ಎಂಬುದು 'ಜುವೆನೈಲ್ ಇಡಿಯೋಪಥಿಕ್ ಆರ್ಥ್ರೈಟಿಸ್' ಎಂಬುದರ ಸಂಕ್ಷಿಪ್ತ ರೂಪ. ಬಾಲ್ಯದಲ್ಲಿ ಕಾಣಿಸಿಕೊಳ್ಳುವ, ಕಾರಣ ಖಚಿತವಾಗಿ ತಿಳಿಯದ ಕೀಲಿನ ಉರಿಯೂತ ಎಂಬುದು ಇದರ ಅರ್ಥ. ಈ ಹೆಸರನ್ನು ಬರೆಯಲು ಮೂರು ಷರತ್ತುಗಳು ಪೂರೈಸಿರಬೇಕು. ರೋಗವು 16 ವರ್ಷ ತುಂಬುವ ಮೊದಲೇ ಆರಂಭವಾಗಿರಬೇಕು; ಕೀಲಿನ ಉರಿಯೂತ ಕನಿಷ್ಠ 6 ವಾರಗಳ ಕಾಲ ಇರಬೇಕು; ಸೋಂಕು, ಕ್ಷಯ, ರಕ್ತದ ಕ್ಯಾನ್ಸರ್ ಮುಂತಾದ ಬೇರೆ ಕಾರಣಗಳಿಲ್ಲವೆಂದು ವೈದ್ಯರು ದೃಢಪಡಿಸಿಕೊಂಡಿರಬೇಕು. ವೈದ್ಯರು ಮೊದಲ ಭೇಟಿಯಲ್ಲಿಯೇ ರೋಗದ ಹೆಸರನ್ನು ಬರೆಯದೆ ಮತ್ತೆ ಬರಹೇಳುವುದು ಈ ಕಾರಣದಿಂದಲೇ; ಅದನ್ನು ಅಲಕ್ಷ್ಯವೆಂದು ತಿಳಿಯಬಾರದು.

ಪ್ರತಿ ಕೀಲಿನ ಒಳಭಾಗದಲ್ಲಿ ತೆಳುವಾದ ಪೊರೆಯೊಂದಿದ್ದು, ಕೀಲು ಸರಾಗವಾಗಿ ಚಲಿಸಲು ಬೇಕಾದ ದ್ರವವನ್ನು ಅದು ಒದಗಿಸುತ್ತದೆ. ರೋಗಗಳಿಂದ ದೇಹವನ್ನು ಕಾಯಬೇಕಾದ ರಕ್ಷಣಾ ವ್ಯವಸ್ಥೆಯೇ ತಪ್ಪಾಗಿ ಈ ಪೊರೆಯ ಮೇಲೆ ತಿರುಗಿಬಿದ್ದಾಗ ಪೊರೆಯು ದಪ್ಪವಾಗಿ, ದ್ರವ ಹೆಚ್ಚಾಗಿ, ಕೀಲು ಊದಿಕೊಳ್ಳುತ್ತದೆ. ಇದು ಅಂಟುರೋಗವಲ್ಲ. ಆಲೂಗಡ್ಡೆ, ಮೊಸರು, ಬೇಳೆ ಮುಂತಾದ ಪದಾರ್ಥಗಳನ್ನು ತಿನ್ನಿಸಿದ್ದರಿಂದ ಬರುವುದೂ ಅಲ್ಲ. ಬೆಳೆಯುವ ಮಗುವಿಗೆ 'ವಾಯು' ಎಂದು ಅನೇಕ ಪದಾರ್ಥಗಳನ್ನು ನಿಲ್ಲಿಸಿ, ಮಗುವನ್ನು ಇನ್ನಷ್ಟು ಬಡಕಲು ಮಾಡುವುದು ಸರಿಯಲ್ಲ.

ಲಂಡನ್ ನಗರದ ವೈದ್ಯ ಜಾರ್ಜ್ ಫ್ರೆಡರಿಕ್ ಸ್ಟಿಲ್ ಅವರು 1897ರಲ್ಲಿ ಪ್ರಕಟವಾದ ಲೇಖನವೊಂದರಲ್ಲಿ 22 ಮಕ್ಕಳ ಸ್ಥಿತಿಯನ್ನು ವಿವರಿಸಿ, ಮಕ್ಕಳ ಸಂಧಿವಾತವು ದೊಡ್ಡವರದಕ್ಕಿಂತ ಭಿನ್ನವೆಂದು ತೋರಿಸಿದರು. ಹಳೆಯ ದಾಖಲೆಗಳಲ್ಲಿ 'ಜೆ.ಆರ್.ಎ.' ಎಂದೋ 'ಜೆ.ಸಿ.ಎ.' ಎಂದೋ ಬರೆದಿದ್ದಲ್ಲಿ ಗಾಬರಿಪಡಬೇಕಾಗಿಲ್ಲ. ಅವು ಹಿಂದೆ ಅಮೆರಿಕ ಹಾಗೂ ಯೂರೋಪಿನಲ್ಲಿ ಬಳಕೆಯಲ್ಲಿದ್ದ ಹೆಸರುಗಳು. 1990ರ ದಶಕದಲ್ಲಿ ಅಂತರರಾಷ್ಟ್ರೀಯ ತಜ್ಞರ ಒಕ್ಕೂಟವು ಎಲ್ಲರಿಗೂ ಒಂದೇ ಹೆಸರನ್ನೂ ಏಳು ಬಗೆಗಳನ್ನೂ ಗೊತ್ತುಪಡಿಸಿತು.

ಮುಂಜಾನೆಯ ಲಕ್ಷಣಗಳು

ಎರಡು ವರ್ಷದ ಮಗು 'ಮಂಡಿ ನೋಯುತ್ತಿದೆ' ಎಂದು ಹೇಳುವುದಿಲ್ಲ. ಎದ್ದೊಡನೆ ಎತ್ತಿಕೊಳ್ಳುವಂತೆ ಕೈಚಾಚುತ್ತದೆ. ಚೆನ್ನಾಗಿ ನಡೆಯುತ್ತಿದ್ದ ಮಗು ಬೆಳಗಿನ ಹೊತ್ತು ಅಂಬೆಗಾಲಿಡುತ್ತದೆ, ಅಥವಾ ಕಾಲನ್ನು ಬಿಗಿಹಿಡಿದು ಕುಂಟುತ್ತದೆ. ಸ್ವಲ್ಪ ದೊಡ್ಡ ಮಕ್ಕಳಲ್ಲಿ ಲಕ್ಷಣಗಳು ದಿನನಿತ್ಯದ ಕೆಲಸಗಳಲ್ಲಿ ಗೋಚರಿಸುತ್ತವೆ. ಚಕ್ಕಂಬಕ್ಕಳ ಹಾಕಿ ಊಟಕ್ಕೆ ಕೂರಲು ಒಲ್ಲೆನೆನ್ನುವುದು, ಶೌಚಾಲಯದಲ್ಲಿ ಕುಕ್ಕರಗಾಲಿನಲ್ಲಿ ಕೂರಲು ಅಳುವುದು, ನಲ್ಲಿ ತಿರುಗಿಸಲು ಅಥವಾ ಅಂಗಿಯ ಗುಂಡಿ ಹಾಕಿಕೊಳ್ಳಲು ಅಮ್ಮನನ್ನು ಕರೆಯುವುದು, ಬಸ್ಸಿನ ಮೆಟ್ಟಿಲನ್ನು ಯಾವಾಗಲೂ ಒಂದೇ ಕಾಲಿನಿಂದ ಹತ್ತುವುದು, ಚೆನ್ನಾಗಿದ್ದ ಅಕ್ಷರ ಕೆಡುವುದು ಇವೆಲ್ಲವೂ ಗಮನಿಸತಕ್ಕ ಸಂಗತಿಗಳು. ನೋವೇ ಇಲ್ಲದೆ ಬರೀ ಊತ ಹಾಗೂ ಕುಂಟುವಿಕೆ ಮಾತ್ರ ಇರುವ ಮಕ್ಕಳೂ ಇದ್ದಾರೆ.

ರಾತ್ರಿಯಿಡೀ ಅಲುಗಾಡದೆ ಇದ್ದ ಕೀಲು ಬಿಗಿಯಾಗಿ, ಓಡಾಡಿದಂತೆ ಸಡಿಲವಾಗುವುದು ಈ ರೋಗದ ಮುಖ್ಯ ಲಕ್ಷಣ. ತರಗತಿಯಲ್ಲಿ ಬಹಳ ಹೊತ್ತು ಕುಳಿತು ಎದ್ದಾಗಲೂ ಹೀಗಾಗಬಹುದು. ಮಧ್ಯಾಹ್ನದ ವೇಳೆಗೆ ಮಗು ಇತರ ಮಕ್ಕಳಂತೆಯೇ ಓಡಾಡುವುದರಿಂದ, ಬೆಳಗಿನ ತೊಂದರೆಯನ್ನು ಶಾಲೆಗೆ ತಪ್ಪಿಸಿಕೊಳ್ಳುವ ನೆಪವೆಂದು ಮನೆಯವರೂ ಶಿಕ್ಷಕರೂ ತಿಳಿಯುತ್ತಾರೆ. ಏಟು ತಿಂದ ಮಕ್ಕಳೂ ಇದ್ದಾರೆ.

ಕಚೇರಿಗಳ ವೇಳೆಗೂ ಈ ರೋಗದ ವೇಳೆಗೂ ಹೊಂದಿಕೆಯಾಗುವುದಿಲ್ಲ ಎಂಬುದನ್ನು ಇಲ್ಲಿ ಹೇಳಲೇಬೇಕು. ಹಳ್ಳಿಯಿಂದ ಹೊರಟು, ಆಸ್ಪತ್ರೆಯಲ್ಲಿ ಚೀಟಿ ಮಾಡಿಸಿ, ಸರದಿ ಬರುವಷ್ಟರಲ್ಲಿ ಹನ್ನೊಂದು ಅಥವಾ ಹನ್ನೆರಡು ಗಂಟೆಯಾಗಿರುತ್ತದೆ. ಬೆಳಿಗ್ಗೆ ಆರಕ್ಕೆ ಹಾಸಿಗೆಯಿಂದ ಇಳಿಯಲಾಗದ ಮಗು ಆ ಹೊತ್ತಿಗೆ ಪಡಸಾಲೆಯಲ್ಲಿ ಓಡಾಡುತ್ತಿರುತ್ತದೆ. ಈ ಶಾಖೆಗೆ ಬಂದಿದ್ದ ತಾಯಿಯೊಬ್ಬರು ಮಗು ಹಾಸಿಗೆಯಿಂದ ಇಳಿಯುವ ದೃಶ್ಯವನ್ನು ಮೊಬೈಲ್‌ನಲ್ಲಿ ತೋರಿಸಿದಾಗ, ಎದುರಿಗೆ ಬಿಸ್ಕತ್ತು ತಿನ್ನುತ್ತ ನಿಂತಿದ್ದ ಮಗುವೇ ಅದೆಂದು ನಂಬಲು ಸ್ವಲ್ಪ ಹೊತ್ತು ಬೇಕಾಯಿತು. ಆದುದರಿಂದ ಪೋಷಕರು ಒಂದು ವಾರದ ಮಟ್ಟಿಗಾದರೂ ಮಗು ಎದ್ದ ಸಮಯ, ಸಲೀಸಾಗಿ ನಡೆಯಲಾರಂಭಿಸಿದ ಸಮಯ, ಊದಿದ ಕೀಲುಗಳು, ಜ್ವರ ಇವುಗಳನ್ನು ನೋಟ್ ಪುಸ್ತಕವೊಂದರಲ್ಲಿ ಬರೆದಿಟ್ಟು, ಸಾಧ್ಯವಾದಲ್ಲಿ ಬೆಳಗಿನ ನಡಿಗೆಯನ್ನು ಮೊಬೈಲ್‌ನಲ್ಲಿ ಚಿತ್ರೀಕರಿಸಿಕೊಂಡು ವೈದ್ಯರಿಗೆ ತೋರಿಸುವುದು ಸೂಕ್ತ. ಇದು ಅರ್ಜಿಗೆ ಕಡ್ಡಾಯವಾದ ದಾಖಲೆಯಲ್ಲ. ಆದರೆ ವೈದ್ಯರಿಗೆ ಬಹಳ ಉಪಯುಕ್ತ.

ರೋಗದ ಬಗೆಗಳು

ಮೊದಲ 6 ತಿಂಗಳಲ್ಲಿ ಎಷ್ಟು ಕೀಲುಗಳಿಗೆ ತೊಂದರೆಯಾಗಿದೆ, ಜೊತೆಗೆ ಇತರ ಯಾವ ಲಕ್ಷಣಗಳಿವೆ ಎಂಬುದರ ಆಧಾರದ ಮೇಲೆ ಬಗೆಯನ್ನು ಗೊತ್ತುಪಡಿಸಲಾಗುತ್ತದೆ. ಬಗೆಯ ಹೆಸರು ಕೇವಲ ಕಾಗದದ ಮೇಲಿನ ವಿವರವಲ್ಲ. ಮಗುವಿನ ಯಾವ ಅಂಗವನ್ನು ಎಷ್ಟು ದಿನಗಳಿಗೊಮ್ಮೆ ಪರೀಕ್ಷಿಸಬೇಕು ಎಂಬುದು ಅದರಿಂದಲೇ ನಿರ್ಧಾರವಾಗುತ್ತದೆ.

ಕೆಲವೇ ಕೀಲುಗಳ ಬಗೆ: ಮೊದಲ 6 ತಿಂಗಳಲ್ಲಿ ನಾಲ್ಕು ಅಥವಾ ಅದಕ್ಕಿಂತ ಕಡಿಮೆ ಕೀಲುಗಳಲ್ಲಿ ಊತವಿದ್ದರೆ ವೈದ್ಯರು 'ಆಲಿಗೋ ಆರ್ಟಿಕ್ಯುಲರ್' ಎಂದು ಬರೆಯುತ್ತಾರೆ. ಐದಾರು ವರ್ಷದೊಳಗಿನ ಹೆಣ್ಣುಮಕ್ಕಳಲ್ಲಿ ಹೆಚ್ಚು. ಒಂದು ಮಂಡಿ ಅಥವಾ ಪಾದದ ಕೀಲು ಊದಿಕೊಂಡು, ಮಗು ಉಳಿದಂತೆ ಲವಲವಿಕೆಯಿಂದಿರುತ್ತದೆ, ಜ್ವರವಿರುವುದಿಲ್ಲ. ಊದಿದ ಮಂಡಿಯ ಸುತ್ತಲಿನ ಮೂಳೆಗೆ ರಕ್ತಸಂಚಾರ ಹೆಚ್ಚಾಗುವುದರಿಂದ ಆ ಕಾಲು ಇನ್ನೊಂದಕ್ಕಿಂತ ಸ್ವಲ್ಪ ಉದ್ದವಾಗಿ ಬೆಳೆಯುವುದೂ ಉಂಟು. ಆರು ತಿಂಗಳ ನಂತರ ಕೀಲುಗಳ ಸಂಖ್ಯೆ ನಾಲ್ಕನ್ನು ಮೀರಿದರೆ ಅದನ್ನು ವಿಸ್ತರಿತ ಬಗೆ ಎಂದು ನಮೂದಿಸುತ್ತಾರೆ.

ಕೀಲುಗಳ ಸಂಖ್ಯೆಯ ದೃಷ್ಟಿಯಿಂದ ಹಗುರವಾದ ಈ ಬಗೆಯಲ್ಲಿಯೇ ಕಣ್ಣಿಗೆ ಹೆಚ್ಚಿನ ಅಪಾಯವಿದೆ. ಕಣ್ಣಿನ ಒಳಪದರದಲ್ಲಿ ಉಂಟಾಗುವ ಉರಿಯೂತಕ್ಕೆ 'ಯುವೆಯೈಟಿಸ್' ಎಂದು ಹೆಸರು. ಈ ಮಕ್ಕಳಲ್ಲಿ ಅದು ಸಾಮಾನ್ಯವಾಗಿ ಸದ್ದಿಲ್ಲದೆ ಬರುತ್ತದೆ. ಕಣ್ಣು ಕೆಂಪಾಗುವುದಿಲ್ಲ, ನೀರು ಸುರಿಯುವುದಿಲ್ಲ, ಮಗು ಏನನ್ನೂ ಹೇಳುವುದಿಲ್ಲ. ಪಾಪೆಯ ಆಕಾರ ಬದಲಾಗಿರುವುದೋ ಕಣ್ಣಿನಲ್ಲಿ ಬಿಳಿ ಪೊರೆಯೋ ಮನೆಯವರ ಗಮನಕ್ಕೆ ಬರುವಷ್ಟರಲ್ಲಿ ದೃಷ್ಟಿ ಸಾಕಷ್ಟು ನಷ್ಟವಾಗಿರಬಹುದು. ಟಾರ್ಚ್ ಬಿಟ್ಟು ನೋಡುವುದರಿಂದ ಅಥವಾ ಗೋಡೆಯ ಮೇಲಿನ ಅಕ್ಷರಗಳನ್ನು ಓದಿಸುವುದರಿಂದ ಆರಂಭದ ಹಂತದಲ್ಲಿ ಇದು ತಿಳಿಯುವುದಿಲ್ಲ. ನೇತ್ರತಜ್ಞರು ಸ್ಲಿಟ್ ಲ್ಯಾಂಪ್ ಎಂಬ ಉಪಕರಣದಿಂದಲೇ ನೋಡಬೇಕು. ರಕ್ತದ ಎ.ಎನ್.ಎ. ಪರೀಕ್ಷೆ ಪಾಸಿಟಿವ್ ಇರುವ ಚಿಕ್ಕ ಮಕ್ಕಳಿಗೆ ಮೊದಲ ವರ್ಷಗಳಲ್ಲಿ 3 ತಿಂಗಳಿಗೊಮ್ಮೆ ಈ ಪರೀಕ್ಷೆ ಮಾಡಿಸುವಂತೆ ತಜ್ಞರು ಸೂಚಿಸುತ್ತಾರೆ. ಮಂಡಿಯ ಊತ ಇಳಿದಿದೆಯೆಂದು ಕಣ್ಣಿನ ಪರೀಕ್ಷೆಯನ್ನು ನಿಲ್ಲಿಸಬಾರದು. ಕೀಲು ಗುಣವಾದರೂ ಕಣ್ಣಿನ ಉರಿಯೂತ ಮುಂದುವರಿಯಬಹುದು, ತಡವಾಗಿ ಆರಂಭವೂ ಆಗಬಹುದು. ಈ ಪುಟದಲ್ಲಿ ಓದುಗರು ಒಂದೇ ಒಂದು ಅಂಶವನ್ನು ನೆನಪಿನಲ್ಲಿಡುವುದಾದರೆ ಇದನ್ನು ಇಡತಕ್ಕದ್ದು.

ಬಹುಕೀಲುಗಳ ಬಗೆ: ಮೊದಲ 6 ತಿಂಗಳಲ್ಲಿ ಐದು ಅಥವಾ ಹೆಚ್ಚು ಕೀಲುಗಳು ಊದಿಕೊಂಡರೆ 'ಪಾಲಿ ಆರ್ಟಿಕ್ಯುಲರ್' ಬಗೆ. ರಕ್ತದಲ್ಲಿ ರುಮಟಾಯ್ಡ್ ಫ್ಯಾಕ್ಟರ್ ಇದೆಯೇ ಇಲ್ಲವೇ ಎಂಬುದರ ಮೇಲೆ ಇದನ್ನು ಎರಡು ಬಗೆಗಳಾಗಿ ಎಣಿಸುತ್ತಾರೆ. ಫ್ಯಾಕ್ಟರ್ ಇರುವ ಬಗೆಯು ಹೆಚ್ಚಾಗಿ ಹದಿಹರೆಯದ ಹೆಣ್ಣುಮಕ್ಕಳಲ್ಲಿ ಕಂಡುಬರುತ್ತದೆ. ದೊಡ್ಡವರ ರುಮಟಾಯ್ಡ್ ಸಂಧಿವಾತವನ್ನೇ ಹೋಲುತ್ತದೆ. ಕೈಬೆರಳು ಹಾಗೂ ಮಣಿಕಟ್ಟಿನ ಸಣ್ಣ ಕೀಲುಗಳನ್ನು ಬೇಗನೆ ಹಾಳುಮಾಡುವುದರಿಂದ ಚಿಕಿತ್ಸೆಯನ್ನು ತಡಮಾಡುವಂತಿಲ್ಲ. ಈ ಪರೀಕ್ಷೆಯನ್ನು ಕನಿಷ್ಠ 3 ತಿಂಗಳ ಅಂತರದಲ್ಲಿ ಎರಡು ಬಾರಿ ಮಾಡಿ ಖಚಿತಪಡಿಸಿಕೊಳ್ಳುತ್ತಾರೆ. ದವಡೆಯ ಕೀಲು ಹಾಗೂ ಕತ್ತಿನ ಕೀಲುಗಳೂ ಈ ಬಗೆಯಲ್ಲಿ ಬಾಧಿತವಾಗಬಹುದು. ಮಗು ರೊಟ್ಟಿ ಅಗಿಯಲು ಬಹಳ ಹೊತ್ತು ತೆಗೆದುಕೊಂಡರೆ, ಬಾಯಿ ಪೂರ್ಣ ತೆರೆಯದಿದ್ದರೆ, ಕತ್ತು ತಿರುಗಿಸುವ ಬದಲು ಇಡೀ ದೇಹವನ್ನೇ ತಿರುಗಿಸಿದರೆ ವೈದ್ಯರಿಗೆ ತಿಳಿಸಬೇಕು.

ಸರ್ವಾಂಗ ಬಗೆ: ದಾಖಲೆಯಲ್ಲಿ 'ಸಿಸ್ಟಮಿಕ್ ಆನ್‌ಸೆಟ್' ಎಂದು ಬರೆದಿರುತ್ತದೆ. ಮೊದಲು ಹೇಳಿದ ವೈದ್ಯ ಸ್ಟಿಲ್ ಅವರ ಹೆಸರಿನಿಂದಲೂ ಇದನ್ನು ಕರೆಯುವುದುಂಟು. ಇಲ್ಲಿ ಮೊದಲು ಬರುವುದು ಕೀಲುನೋವಲ್ಲ, ಜ್ವರ. ಎರಡು ವಾರ ಅಥವಾ ಹೆಚ್ಚು ಕಾಲ, ದಿನಕ್ಕೊಮ್ಮೆ, ಹೆಚ್ಚಾಗಿ ಸಂಜೆಯ ವೇಳೆಗೆ ಜ್ವರವು 39 ಡಿಗ್ರಿ ಸೆಲ್ಸಿಯಸ್ ದಾಟಿ ಏರುತ್ತದೆ. ಮತ್ತೆ ತಾನಾಗಿಯೇ ಇಳಿಯುತ್ತದೆ. ಜ್ವರವಿರುವಾಗ ಮುದುಡಿ ಮಲಗುವ ಮಗು, ಜ್ವರ ಇಳಿದೊಡನೆ ಆಟಕ್ಕೆ ಏಳುತ್ತದೆ. ಜ್ವರದ ಜೊತೆಗೆ ಎದೆ, ಹೊಟ್ಟೆ, ತೊಡೆಗಳ ಮೇಲೆ ತಿಳಿಗೆಂಪು ದದ್ದುಗಳು ಕಾಣಿಸಿಕೊಂಡು ಕೆಲವೇ ಗಂಟೆಗಳಲ್ಲಿ ಮರೆಯಾಗುತ್ತವೆ. ಪುಸ್ತಕಗಳಲ್ಲಿನ ಚಿತ್ರಗಳು ಹೆಚ್ಚಾಗಿ ಬಿಳಿಯ ಚರ್ಮದ ಮಕ್ಕಳವು. ನಮ್ಮ ಮಕ್ಕಳ ಮೈಬಣ್ಣದ ಮೇಲೆ ಈ ದದ್ದು ಸುಲಭವಾಗಿ ಕಾಣುವುದಿಲ್ಲ. ಜ್ವರದ ಸಮಯದಲ್ಲಿ ಒಳ್ಳೆಯ ಬೆಳಕಿನಲ್ಲಿ ಅಂಗಿ ತೆಗೆದು ನೋಡಿ ಚಿತ್ರ ತೆಗೆದಿಡುವುದು ಒಳ್ಳೆಯದು, ಏಕೆಂದರೆ ವೈದ್ಯರ ಮುಂದೆ ಅದು ಇರುವುದಿಲ್ಲ. ದುಗ್ಧಗ್ರಂಥಿಗಳು, ಯಕೃತ್ತು, ಗುಲ್ಮ ಇವು ದೊಡ್ಡದಾಗುವುದು, ಹೃದಯದ ಸುತ್ತಲಿನ ಪೊರೆಯಲ್ಲಿ ನೀರು ತುಂಬುವುದು ಇತರ ಲಕ್ಷಣಗಳು. ಕೀಲಿನ ಊತವು ವಾರಗಳ ನಂತರ ಬರಬಹುದಾದುದರಿಂದ, ಟೈಫಾಯ್ಡ್ ಎಂದು, ಬೇರೆ ಸೋಂಕೆಂದು ಹಲವು ಸುತ್ತು ಔಷಧಗಳಾದ ಮೇಲೆ ರೋಗ ಪತ್ತೆಯಾಗುವುದು ಅಪರೂಪವಲ್ಲ.

ಈ ಬಗೆಯ ಮಕ್ಕಳಲ್ಲಿ ಬರಬಹುದಾದ ತೀವ್ರ ಅಪಾಯವೊಂದಿದೆ. ಏರಿಳಿಯುತ್ತಿದ್ದ ಜ್ವರ ಇಳಿಯದೆ ನಿಂತರೆ, ಮೂಗು ಅಥವಾ ಒಸಡಿನಿಂದ ರಕ್ತ ಬಂದರೆ, ಚರ್ಮದ ಮೇಲೆ ನೀಲಿ ಕಲೆಗಳಾದರೆ, ಮಗು ಮಂಕಾದರೆ ಅದೇ ದಿನ, ರಾತ್ರಿಯಾದರೂ ಸರಿ, ದೊಡ್ಡ ಆಸ್ಪತ್ರೆಗೆ ಕರೆದೊಯ್ಯಬೇಕು. ರಕ್ಷಣಾ ವ್ಯವಸ್ಥೆಯು ಸಂಪೂರ್ಣ ಹತೋಟಿ ತಪ್ಪಿರುವ ಸೂಚನೆ ಅದು; ಪ್ರಾಣಾಪಾಯವಿದೆ.

ಹಿಮ್ಮಡಿ ಹಾಗೂ ಬೆನ್ನಿನ ಬಗೆ: ಸ್ನಾಯುರಜ್ಜುಗಳು ಮೂಳೆಗೆ ಅಂಟಿಕೊಳ್ಳುವ ಜಾಗದಲ್ಲಿ ಉರಿಯೂತ ಉಂಟಾಗುವ ಈ ಬಗೆಗೆ 'ಎಂಥಸೈಟಿಸ್ ರಿಲೇಟೆಡ್' ಎಂದು ಹೆಸರು. ಆರು ವರ್ಷ ಮೀರಿದ ಗಂಡುಮಕ್ಕಳಲ್ಲಿ ಹೆಚ್ಚು. ಪಾಶ್ಚಾತ್ಯ ದೇಶಗಳಿಗೆ ಹೋಲಿಸಿದರೆ ಭಾರತದ ಆಸ್ಪತ್ರೆಗಳ ವರದಿಗಳಲ್ಲಿ ಇದರ ಪಾಲು ದೊಡ್ಡದು. ಹಿಮ್ಮಡಿ ನೋವು, ಅಂಗಾಲು ನೋವು, ಮಂಡಿ ಹಾಗೂ ಸೊಂಟದ ಕೀಲಿನ ಊತ, ಬೆಳಿಗ್ಗೆ ಬಗ್ಗಲಾಗದಂತೆ ಕೆಳಬೆನ್ನಿನ ಬಿಗಿತ ಇದರ ಲಕ್ಷಣಗಳು. ಕಬಡ್ಡಿ, ಕ್ರಿಕೆಟ್ ಆಡುವ ವಯಸ್ಸಿನ ಹುಡುಗನಾದುದರಿಂದ 'ಆಟದ ಪೆಟ್ಟು' ಎಂದು ವರ್ಷಗಟ್ಟಲೆ ಕಡೆಗಣಿಸಲಾಗುತ್ತದೆ. ಎಚ್.ಎಲ್.ಎ. ಬಿ 27 ಎಂಬ ರಕ್ತಪರೀಕ್ಷೆ ಇದಕ್ಕೆ ಸಂಬಂಧಿಸಿದ್ದು. ಇಲ್ಲಿಯೂ ಕಣ್ಣಿನ ತೊಂದರೆ ಬರಬಹುದು. ಆದರೆ ಅದು ಕೆಂಪಾಗಿ, ನೋವಿನಿಂದ, ಬೆಳಕು ನೋಡಲಾಗದಂತೆ ಬರುವುದರಿಂದ ತಾನಾಗಿಯೇ ತಿಳಿಯುತ್ತದೆ.

ಉಳಿದವುಗಳನ್ನು ಸಂಕ್ಷಿಪ್ತವಾಗಿ ಹೇಳಬಹುದು. ಸೋರಿಯಾಸಿಸ್ ಎಂಬ ಚರ್ಮರೋಗದೊಂದಿಗೆ ಬರುವ ಬಗೆಯಲ್ಲಿ ಒಂದು ಬೆರಳು ಇಡಿಯಾಗಿ ಊದಿಕೊಳ್ಳುತ್ತದೆ, ಉಗುರುಗಳ ಮೇಲೆ ಸೂಜಿಯಿಂದ ಚುಚ್ಚಿದಂತಹ ಗುಳಿಗಳಿರುತ್ತವೆ. ಚರ್ಮದ ತೊಂದರೆ ಮಗುವಿಗೆ ಇನ್ನೂ ಬಂದಿರದೆ, ತಂದೆ, ತಾಯಿ ಅಥವಾ ಒಡಹುಟ್ಟಿದವರಿಗೆ ಮಾತ್ರ ಇರಬಹುದಾದುದರಿಂದ ವೈದ್ಯರು ಕೇಳಿದಾಗ ಸಂಕೋಚಪಡದೆ ಹೇಳಬೇಕು. ಯಾವ ಬಗೆಗೂ ಹೊಂದದ, ಅಥವಾ ಒಂದಕ್ಕಿಂತ ಹೆಚ್ಚು ಬಗೆಗಳಿಗೆ ಹೊಂದುವ ಪ್ರಕರಣಗಳನ್ನು 'ಅನ್‌ಡಿಫರೆನ್ಷಿಯೇಟೆಡ್', ಅಂದರೆ ಅವಿಭಜಿತ, ಎಂದು ನಮೂದಿಸುತ್ತಾರೆ. ಇದನ್ನು ಕಂಡು ವೈದ್ಯರಿಗೆ ರೋಗ ತಿಳಿಯಲಿಲ್ಲವೆಂದು ಆಸ್ಪತ್ರೆ ಬದಲಾಯಿಸುವ ಅಗತ್ಯವಿಲ್ಲ.

ಇತರ ಕಾಯಿಲೆಗಳೊಂದಿಗೆ ಗೊಂದಲ

ಎಲ್ಲ ಕಾಲುನೋವೂ ಸಂಧಿವಾತವಲ್ಲ. ಸಂಜೆ ಅಥವಾ ರಾತ್ರಿ ಎರಡೂ ಕಾಲು ನೋವೆಂದು ಅತ್ತು, ಒತ್ತಿಸಿಕೊಂಡು ನಿದ್ರಿಸಿ, ಬೆಳಿಗ್ಗೆ ಏನೂ ಆಗಿಲ್ಲವೆಂಬಂತೆ ಓಡುವ ಮಗುವಿನದು ಸಾಮಾನ್ಯವಾಗಿ 'ಬೆಳವಣಿಗೆಯ ನೋವು' ಎನ್ನುವಂಥದ್ದು. ಅದರಲ್ಲಿ ಊತವಿರುವುದಿಲ್ಲ, ಕುಂಟುವಿಕೆ ಇರುವುದಿಲ್ಲ. ಸಂಧಿವಾತದ ಲೆಕ್ಕ ಇದಕ್ಕೆ ತದ್ವಿರುದ್ಧ: ಬೆಳಿಗ್ಗೆ ಕಷ್ಟ, ಅನಂತರ ಸುಲಭ.

ನಮ್ಮಲ್ಲಿ ಹೆಚ್ಚು ಗೊಂದಲವಾಗುವುದು ರುಮಾಟಿಕ್ ಜ್ವರದೊಂದಿಗೆ. ಗಂಟಲು ಸೋಂಕಿನ ಕೆಲವು ವಾರಗಳ ನಂತರ ಬರುವ ಈ ಕಾಯಿಲೆಯಲ್ಲಿ ನೋವು ಒಂದು ಕೀಲಿನಿಂದ ಮತ್ತೊಂದಕ್ಕೆ ಓಡಾಡುತ್ತದೆ; ಇಂದು ಮಂಡಿ, ನಾಳೆ ಮೊಣಕೈ. ಸಂಧಿವಾತದಂತೆ ಒಂದೇ ಕೀಲಿನಲ್ಲಿ ತಿಂಗಳುಗಟ್ಟಲೆ ನೆಲೆಸುವುದಿಲ್ಲ. ಆದರೆ ಹೃದಯದ ಕವಾಟಗಳನ್ನು ಕೆಡಿಸುವುದರಿಂದ ವರ್ಷಗಟ್ಟಲೆ ಪೆನಿಸಿಲಿನ್ ಚುಚ್ಚುಮದ್ದು ಅಗತ್ಯ. ಎ.ಎಸ್.ಒ. ಎಂಬ ಪರೀಕ್ಷೆಯ ಸಂಖ್ಯೆ ಹೆಚ್ಚಿರುವುದು ಹಿಂದೆ ಗಂಟಲು ಸೋಂಕಾಗಿತ್ತು ಎಂಬುದನ್ನಷ್ಟೇ ಸೂಚಿಸುತ್ತದೆ. ಆ ಒಂದು ಸಂಖ್ಯೆಯ ಆಧಾರದ ಮೇಲೆ ಚುಚ್ಚುಮದ್ದು ಪಡೆಯುತ್ತಿದ್ದರೂ ಕೀಲು ಊದಿಕೊಂಡೇ ಇದ್ದರೆ ತಜ್ಞರ ಎರಡನೆಯ ಅಭಿಪ್ರಾಯ ಪಡೆಯುವುದು ಯುಕ್ತ. ವೈದ್ಯರು ಹೇಳದೆ ಚುಚ್ಚುಮದ್ದನ್ನು ಮಾತ್ರ ನಿಲ್ಲಿಸಬಾರದು.

2006ರಲ್ಲಿ ರಾಜ್ಯದಾದ್ಯಂತ ಹರಡಿದ್ದ ಚಿಕೂನ್‌ಗುನ್ಯಾ ಜ್ವರದ ನಂತರ ಕೀಲುನೋವು ಎಂದೊಡನೆ ಅದರ ಹೆಸರನ್ನೇ ಹೇಳುವ ರೂಢಿ ಬಂದಿದೆ. ಆ ಜ್ವರದ ನೋವೂ ವಾರಗಟ್ಟಲೆ ಉಳಿಯಬಹುದಾದುದರಿಂದ ಜ್ವರ ಬಂದ ದಿನಾಂಕವನ್ನು ವೈದ್ಯರಿಗೆ ಹೇಳುವುದು ಮುಖ್ಯ. ಒಂದೇ ಕೀಲು ಬಹಳ ಕಾಲ ಊದಿಕೊಂಡಿದ್ದರೆ ಕ್ಷಯವನ್ನೂ, ಗಂಡುಮಗುವಿಗೆ ಸಣ್ಣ ಪೆಟ್ಟಿಗೂ ಮಂಡಿ ಊದುತ್ತಿದ್ದರೆ ರಕ್ತ ಹೆಪ್ಪುಗಟ್ಟದ ಹಿಮೋಫಿಲಿಯಾವನ್ನೂ, ಊತಕ್ಕೆ ಮೀರಿದ ನೋವಿನಿಂದ ಮಗು ರಾತ್ರಿ ಎಚ್ಚರಗೊಂಡು ಬಿಳಿಚಿಕೊಂಡಿದ್ದರೆ ರಕ್ತದ ಕ್ಯಾನ್ಸರನ್ನೂ ವೈದ್ಯರು ಪರಿಶೀಲಿಸುತ್ತಾರೆ. ಈ ಪರಿಶೀಲನೆಗೆ ಮುನ್ನ ಯಾರೋ ಕೊಟ್ಟ ಸ್ಟೀರಾಯ್ಡ್ ಮಾತ್ರೆಗಳನ್ನು ನುಂಗಿಸಿದರೆ ಕ್ಯಾನ್ಸರಿನ ಗುರುತುಗಳು ತಾತ್ಕಾಲಿಕವಾಗಿ ಮರೆಯಾಗಿ ರೋಗನಿರ್ಣಯ ತಪ್ಪುತ್ತದೆ. ಹೆಸರಿಲ್ಲದ ಪೊಟ್ಟಣಗಳಲ್ಲಿ ಕೊಡುವ 'ವಾತದ ಪುಡಿ'ಗಳ ಬಗ್ಗೆಯೂ ಎಚ್ಚರ ಅಗತ್ಯ. ಒಂದು ಕೀಲು ಇದ್ದಕ್ಕಿದ್ದಂತೆ ಕೆಂಪಾಗಿ, ಬಿಸಿಯಾಗಿ, ಜ್ವರದೊಂದಿಗೆ ಮಗು ಅದನ್ನು ಮುಟ್ಟಗೊಡದಿದ್ದರೆ ಅದು ಕೀವು ತುಂಬಿರುವ ಸೂಚನೆಯಾಗಿರಬಹುದು. ಆಗ ಆರು ವಾರದ ಲೆಕ್ಕ ಅನ್ವಯಿಸುವುದಿಲ್ಲ. ಅಂದೇ ಆಸ್ಪತ್ರೆಗೆ ಸೇರಿಸಬೇಕು.

ಪರೀಕ್ಷೆ ಹಾಗೂ ಚಿಕಿತ್ಸೆ

'ವಾತದ ಪರೀಕ್ಷೆ ನೆಗೆಟಿವ್ ಬಂದಿದೆ, ಆದುದರಿಂದ ಸಂಧಿವಾತವಿಲ್ಲ' ಎಂಬ ಮಾತು ಮಕ್ಕಳಿಗೆ ಅನ್ವಯಿಸುವುದಿಲ್ಲ. ಈ ರೋಗವಿರುವ ಬಹುತೇಕ ಮಕ್ಕಳಲ್ಲಿ ರುಮಟಾಯ್ಡ್ ಫ್ಯಾಕ್ಟರ್ ನೆಗೆಟಿವ್ ಆಗಿಯೇ ಇರುತ್ತದೆ. ರೋಗವನ್ನು ನಿರ್ಧರಿಸುವುದು ಮಗುವಿನ ಕೀಲುಗಳನ್ನು ಕೈಯಿಂದ ಮುಟ್ಟಿ ಪರೀಕ್ಷಿಸುವ ವೈದ್ಯರೇ ಹೊರತು ಪ್ರಯೋಗಾಲಯದ ಚೀಟಿಯಲ್ಲ.

ಚಿಕಿತ್ಸೆಯಲ್ಲಿ ಊತ ಇಳಿಸುವ ಮಾತ್ರೆಗಳು, ಊದಿದ ಕೀಲಿನೊಳಕ್ಕೇ ಕೊಡುವ ಸ್ಟೀರಾಯ್ಡ್ ಚುಚ್ಚುಮದ್ದು, ಮೆಥೊಟ್ರೆಕ್ಸೇಟ್, ಹಾಗೂ ಇವುಗಳಿಂದ ಹತೋಟಿಗೆ ಬಾರದಿದ್ದಲ್ಲಿ ಬಯಾಲಜಿಕ್ ಎಂಬ ದುಬಾರಿ ಚುಚ್ಚುಮದ್ದುಗಳಿವೆ. ಮೆಥೊಟ್ರೆಕ್ಸೇಟ್ ಬಗ್ಗೆ ಒಂದು ಎಚ್ಚರಿಕೆ ಅವಶ್ಯ. ಈ ರೋಗದಲ್ಲಿ ಅದನ್ನು ವಾರಕ್ಕೆ ಒಂದು ದಿನ ಮಾತ್ರ ಕೊಡಲಾಗುತ್ತದೆ. ಇತರ ಮಾತ್ರೆಗಳಂತೆ ದಿನವೂ ನುಂಗಿಸಿದರೆ ಪ್ರಾಣಕ್ಕೆ ಅಪಾಯ. ಮಾತ್ರೆಯ ಡಬ್ಬಿಯ ಮೇಲೆ ವಾರದ ಹೆಸರನ್ನು ದೊಡ್ಡದಾಗಿ ಕನ್ನಡದಲ್ಲಿ ಬರೆದಿಟ್ಟು, ಮನೆಯಲ್ಲಿ ಔಷಧ ಕೊಡುವ ಅಜ್ಜಿ, ಅಕ್ಕ ಮುಂತಾದ ಎಲ್ಲರಿಗೂ ತಿಳಿಸತಕ್ಕದ್ದು. ಲಸಿಕೆಗಳನ್ನು ಕೊಡಿಸುವಾಗ ಮಗು ಪಡೆಯುತ್ತಿರುವ ಔಷಧಗಳ ಚೀಟಿಯನ್ನು ತೋರಿಸಬೇಕು. ಈ ಔಷಧಗಳೊಂದಿಗೆ ಕೆಲವು ಲಸಿಕೆಗಳನ್ನು ಮುಂದೂಡಬೇಕಾಗಬಹುದು.

ಮಗುವನ್ನು ಹಾಸಿಗೆಯಲ್ಲಿ ಮಲಗಿಸಿಡುವುದು ಚಿಕಿತ್ಸೆಯಲ್ಲ. ವಾರಗಟ್ಟಲೆ ಪಟ್ಟು ಕಟ್ಟಿ ಅಲುಗಾಡದಂತೆ ಮಾಡಿದ ಕೀಲಿನ ಸುತ್ತಲಿನ ಮಾಂಸಖಂಡ ಸೊರಗಿ, ಕಾಲು ಮಡಚಿದ ಸ್ಥಿತಿಯಲ್ಲಿಯೇ ನಿಂತುಬಿಡುವ ಸಂಭವವಿದೆ. ಬೆಳಿಗ್ಗೆ ಬಿಸಿನೀರಿನ ಸ್ನಾನ, ಅನಂತರ ಅಂಗಸಾಧಕರು ಕಲಿಸಿಕೊಟ್ಟ ವ್ಯಾಯಾಮ, ಸೈಕಲ್ ತುಳಿಯುವುದು ಇವು ಪ್ರಯೋಜನಕಾರಿ.

ಶಾಲೆ ಹಾಗೂ ಪ್ರಮಾಣಪತ್ರ

2013ರಲ್ಲಿ ಆರಂಭವಾದ ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮದಡಿ ಆರೋಗ್ಯ ತಂಡಗಳು ಅಂಗನವಾಡಿಗಳಿಗೂ ಸರ್ಕಾರಿ ಶಾಲೆಗಳಿಗೂ ಭೇಟಿ ನೀಡಿ ಮಕ್ಕಳನ್ನು ತಪಾಸಣೆ ಮಾಡುತ್ತವೆ. ಆದರೆ ತಂಡ ಬರುವ ವೇಳೆಗೆ ಮಗು ಎಲ್ಲರಂತೆ ಸಾಲಿನಲ್ಲಿ ನಿಂತಿರುತ್ತದೆ. ಆದುದರಿಂದ ಬೆಳಗಿನ ಬಿಗಿತದ ವಿಷಯವನ್ನು ಮೊದಲೇ ಚೀಟಿಯಲ್ಲಿ ಬರೆದು ತರಗತಿ ಶಿಕ್ಷಕರಿಗೆ ಕೊಟ್ಟಿರುವುದು ಒಳಿತು. ಮೊದಲ ಅವಧಿಗೆ ತಡವಾಗಿ ಬರಲು, ನೆಲದ ಬದಲು ಬೆಂಚಿನ ಮೇಲೆ ಕೂರಲು, ಆಗಾಗ ಎದ್ದು ಓಡಾಡಲು ಅನುಮತಿ ನೀಡುವಂತೆ ಮುಖ್ಯೋಪಾಧ್ಯಾಯರನ್ನು ಕೋರಬಹುದು. ಇವುಗಳಿಗೆ ಯಾವ ವೆಚ್ಚವೂ ಇಲ್ಲ.

ವಿಕಲಚೇತನರ ಹಕ್ಕುಗಳ ಅಧಿನಿಯಮ, 2016ರ ಪ್ರಕರಣ 17ರಲ್ಲಿ ವಿಕಲಚೇತನ ವಿದ್ಯಾರ್ಥಿಗಳಿಗೆ ಪರೀಕ್ಷೆಯಲ್ಲಿ ಹೆಚ್ಚುವರಿ ಸಮಯ, ಬರೆಯಲು ಸಹಾಯಕರು ಮುಂತಾದ ಮಾರ್ಪಾಡುಗಳನ್ನು ಮಾಡುವ ಬಗ್ಗೆ ಉಪಬಂಧವಿದೆ. ಬೆರಳು 'ಇತ್ತೀಚೆಗಷ್ಟೇ ಊದಿದೆ' ಎಂದು ಪರೀಕ್ಷೆಯ ಹಿಂದಿನ ದಿನ ಕೋರಿಕೆ ಸಲ್ಲಿಸಿದರೆ ಯಾರಿಗೂ ಸಹಾಯ ಮಾಡಲು ಸಾಧ್ಯವಾಗುವುದಿಲ್ಲ. ಶೈಕ್ಷಣಿಕ ವರ್ಷದ ಆರಂಭದಲ್ಲಿಯೇ ಶಾಲೆಯ ಮುಖಾಂತರ ಕೋರಿಕೆ ಸಲ್ಲಿಸತಕ್ಕದ್ದು.

ಅಂಗವಿಕಲತೆಯ ಪ್ರಮಾಣಪತ್ರ ಹಾಗೂ ವಿಶಿಷ್ಟ ಗುರುತಿನ ಚೀಟಿಗೆ ಯು.ಡಿ.ಐ.ಡಿ. ಅಂತರ್ಜಾಲ ತಾಣದ ಮೂಲಕ ಅರ್ಜಿ ಸಲ್ಲಿಸಬೇಕು. ಜೆ.ಐ.ಎ. ಎಂಬ ಹೆಸರಿದ್ದ ಮಾತ್ರಕ್ಕೆ ಪ್ರಮಾಣಪತ್ರ ದೊರೆಯುವುದಿಲ್ಲ ಎಂಬುದನ್ನು ಅರ್ಜಿದಾರರು ಅರಿಯಬೇಕು. ಕೀಲು ಎಷ್ಟು ಮಡಚುತ್ತದೆ, ಮಾಂಸಖಂಡದ ಬಲವೆಷ್ಟು, ದೈನಂದಿನ ಕೆಲಸಗಳಿಗೆ ಎಷ್ಟು ಅಡ್ಡಿಯಾಗಿದೆ ಎಂಬುದನ್ನು ಅಳೆದು ವೈದ್ಯಕೀಯ ಪ್ರಾಧಿಕಾರವು ಶೇಕಡಾವಾರನ್ನು ನಿಗದಿಪಡಿಸುತ್ತದೆ. ಬಹುತೇಕ ಸೌಲಭ್ಯಗಳಿಗೆ ಶೇ. 40 ಅಥವಾ ಹೆಚ್ಚು ಇರಬೇಕು. ಸ್ಥಿತಿ ಬದಲಾಗುವ ಸಂಭವವಿರುವಲ್ಲಿ ಪ್ರಮಾಣಪತ್ರವನ್ನು ನಿಗದಿತ ಅವಧಿಗೆ ಮಾತ್ರ ನೀಡಲಾಗುತ್ತದೆ. ಬೆಳೆಯುವ ಮಕ್ಕಳಿಗೆ ಹೀಗಾಗುವುದು ಸಹಜ. ಅದು ಅರ್ಜಿದಾರರ ಮೇಲಿನ ಅನುಮಾನವಲ್ಲ.

ಚಿಕಿತ್ಸೆಯಿಂದ ರೋಗ ಹತೋಟಿಗೆ ಬಂದ ಮಗುವಿಗೆ ಶೇಕಡಾವಾರು ಕಡಿಮೆ ಬರುತ್ತದೆ. 'ಔಷಧ ನಿಲ್ಲಿಸಿ ಕರೆತಂದರೆ ಹೆಚ್ಚು ಬರುವುದೇ' ಎಂಬ ಪ್ರಶ್ನೆಯನ್ನು ಈ ಶಾಖೆಯಲ್ಲಿ ಕೇಳಿದವರಿದ್ದಾರೆ. ಕೇಳಿದವರನ್ನು ದೂಷಿಸುವಂತಿಲ್ಲ, ಮಾಸಾಶನದ ಅಗತ್ಯ ಅವರಿಗಿತ್ತು. ಆದರೆ ನಿಲ್ಲಿಸಿದ ವಾರಗಳಲ್ಲಿ ಕೀಲು ಸವೆಯುತ್ತದೆ, ಸ್ಟೀರಾಯ್ಡ್ ಅನ್ನು ಇದ್ದಕ್ಕಿದ್ದಂತೆ ನಿಲ್ಲಿಸುವುದು ಜೀವಕ್ಕೇ ಅಪಾಯ. ಯಾವ ಮಾಸಾಶನವೂ ಅದಕ್ಕೆ ಸಮನಲ್ಲ. ಕಾಲಕಾಲಕ್ಕೆ ಮಾಡಿಸಿದ ಪರೀಕ್ಷೆಗಳ ವರದಿ, ಔಷಧ ಚೀಟಿಗಳು, ಬೆಳಗಿನ ತೊಂದರೆಯ ದಿನಚರಿ ಇವುಗಳನ್ನು ದಿನಾಂಕವಾರು ಜೋಡಿಸಿ ಮೌಲ್ಯಮಾಪನದ ದಿನ ತರಬೇಕು. ಕಣ್ಣಿಗೂ ತೊಂದರೆಯಾಗಿದ್ದಲ್ಲಿ ನೇತ್ರತಜ್ಞರ ದಾಖಲೆಗಳನ್ನು ಪ್ರತ್ಯೇಕವಾಗಿ ಲಗತ್ತಿಸಿ, ದೃಷ್ಟಿದೋಷವನ್ನೂ ಮೌಲ್ಯಮಾಪನ ಮಾಡುವಂತೆ ಅರ್ಜಿಯಲ್ಲಿಯೇ ನಮೂದಿಸತಕ್ಕದ್ದು.